ಪಡುವಣ ಗೋಡೆಗೆ ಬಾಗಿಲಿಟ್ಟ ತಾಯಿ

ಸಿರಿಕೊಳ್ಳದ ಮಠಕ್ಕೆ ಬಂದವರು ಮಾತೋಶ್ರೀ ಗುರುಬಸವ್ವ ತಾಯಿಯವರನ್ನು ಕಾಣಬೇಕಾದರೆ ಗದ್ದಿಗೆಯ ಕಡೆ ಹೋಗುತ್ತಿರಲಿಲ್ಲ, ದಾಸೋಹದ ಅಡುಗೆಮನೆಗೆ ಹೋಗುತ್ತಿದ್ದರು. ಒಲೆಗಳಿಂದ ಸ್ವಲ್ಪ ದೂರದಲ್ಲಿ, ಗೋಣಿಚೀಲದ ಮೇಲೆ ಕಾಲು ಚಾಚಿ ಕುಳಿತು, ತಾಯಿಯವರು ಮೊರದಲ್ಲಿ ಜೋಳದ ನುಚ್ಚು ಕೇರುತ್ತಿದ್ದರು. ಮಠದ ಹೊಣೆ ಅವರ ಮೇಲೆ ಬಿದ್ದು ಇಪ್ಪತ್ತಾರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವರು ಎತ್ತರದ ಪೀಠದ ಮೇಲೆ ಕೂತದ್ದನ್ನು ಕಂಡವರಿಲ್ಲ. ಮಾತು ಬಹಳ ಕಡಿಮೆ. ಆಡಿದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಅವರ ಗುರುಗಳಾದ ಮೌನಪ್ಪಯ್ಯನವರ ಸಮಾಧಿಯ ಗದ್ದಿಗೆ ಅದೇ ಮಠದ ಒಳಗಿದೆ. ಮಾಘ ಮಾಸದಲ್ಲಿ ಗುರುಗಳ ಪುಣ್ಯತಿಥಿ ಬರುತ್ತದೆ. ಆ ಒಂದು ದಿನ ನಲವತ್ತು ಸಾವಿರ ಜನ ಸೇರುತ್ತಿದ್ದರು. ಗದ್ದಿಗೆಯ ಕೋಣೆಗೆ ಆಗ ಇದ್ದದ್ದು ಒಂದೇ ಬಾಗಿಲು, ಮೂಡಣ ದಿಕ್ಕಿಗೆ. ಒಳಗೆ ಹೋಗುವವರೂ ಹೊರಗೆ ಬರುವವರೂ ಅದರಲ್ಲೇ. ಹೊರಗೆ ಬರುವುದಕ್ಕೊಂದು ಪದ್ಧತಿ ಇತ್ತು. ಗುರುವಿಗೆ ಬೆನ್ನು ತೋರಿಸಬಾರದೆಂದು ಭಕ್ತರು ಕೈಮುಗಿದುಕೊಂಡು, ಗದ್ದಿಗೆಯನ್ನೇ ನೋಡುತ್ತ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೊಸ್ತಿಲು ದಾಟಬೇಕು. ನೂರು ಜನ ಬರುತ್ತಿದ್ದ ಕಾಲಕ್ಕೆ ಅದು ನೋಡಲು ಬಹಳ ಚೆಂದವಾಗಿತ್ತಂತೆ. ನೂರು ಜನ ನಲವತ್ತು ಸಾವಿರವಾದರು. ಬಾಗಿಲು ಮಾತ್ರ ಅಷ್ಟೇ ಉಳಿಯಿತು, ಪದ್ಧತಿಯೂ ಉಳಿಯಿತು.

ಆ ವರ್ಷದ ಪುಣ್ಯತಿಥಿಗೆ ಇನ್ನು ಒಂಬತ್ತು ದಿನವಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಕುರಿಗಾರ ಬಂದು ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಹೆಸರು ಲಗಮಣ್ಣ, ಎರಡು ಹರದಾರಿ ಆಚೆಯ ಹಾಲಗುಡ್ಡದವನು. ಅವನು ನಮಸ್ಕಾರ ಮಾಡಲಿಲ್ಲ.

"ಅವ್ವಾರ, ಈ ಸಲ ಜಾತ್ರಿ ನಿಲ್ಲಸ್ರಿ," ಎಂದ.

ಅಲ್ಲೇ ಇದ್ದ ಮಠದ ಹಿರಿಯರಾದ ರಾಚಯ್ಯನವರು ಸಿಟ್ಟಾದರು. ನಾಲ್ಕು ತಲೆಮಾರಿನಿಂದ ಮಠದ ಪೂಜೆ ಅವರ ಮನೆತನದ್ದು. "ಯಾರಲೇ ನೀ? ಮೊದಲ ಶರಣು ಮಾಡು. ಆಮ್ಯಾಲ ಮಾತಾಡು."

"ಮಾಡಂಗಿಲ್ರಿ. ಹ್ವಾದ ವರ್ಷ ನಮ್ಮ ಮನ್ಯಾಗಿನಾಕಿ ಮಾಡಾಕ ಬಂದಿದ್ಲು. ಹೆಣಾ ಒಯ್ದೀನಿ."

ಆಗ ಎಲ್ಲರಿಗೂ ನೆನಪಾಯಿತು. ಹಿಂದಿನ ವರ್ಷ ಮಂಗಳಾರತಿಯ ಗಂಟೆ ಬಾರಿಸಿದ ಕೂಡಲೇ ಹೊರಗಿನವರೆಲ್ಲ ಒಮ್ಮೆಗೇ ಒಳಗೆ ನುಗ್ಗಿದ್ದರು. ಅದೇ ಹೊತ್ತಿಗೆ ಲಗಮಣ್ಣನ ಹೆಂಡತಿ ಕೆಂಚವ್ವ ಕೈಮುಗಿದು ಹಿಮ್ಮುಖವಾಗಿ ಹೊರಗೆ ಬರುತ್ತಿದ್ದಳು. ಹಿಮ್ಮಡಿ ಹೊಸ್ತಿಲಿಗೆ ತಾಗಿ ಬಿದ್ದಳು. ಅವಳ ಮೇಲೆ ಹನ್ನೊಂದು ಜನ ಬಿದ್ದರು. ಹನ್ನೊಂದೂ ಜನ ಬದುಕಿದರು, ಕೆಂಚವ್ವ ಬದುಕಲಿಲ್ಲ. ಎಂಟು ವರ್ಷದ ಸುಂದ್ರವ್ವ ಎಂಬ ಮಗಳನ್ನು ಬಿಟ್ಟುಹೋದಳು.

ರಾಚಯ್ಯನವರ ದನಿ ಮೆತ್ತಗಾಯಿತು. "ತಮ್ಮಾ, ಆಕಿ ಪುಣ್ಯವಂತಿ. ಗದ್ದಿಗಿ ನೋಡ್ಕೋತನ ಶಿವನ ಪಾದ ಸೇರಿದ್ಲು. ಅಂಥಾ ಸಾವು ಎಷ್ಟು ಮಂದಿಗೆ ಬರತೈತಿ ಹೇಳು?"

ವರ್ಷವಿಡೀ ಲಗಮಣ್ಣ ಎಲ್ಲರ ಬಾಯಲ್ಲೂ ಇದೇ ಮಾತು ಕೇಳಿದ್ದ. ಅವನು ಕೋಲನ್ನು ನೆಲಕ್ಕೆ ಕುಟ್ಟಿ ಇನ್ನೇನೋ ಹೇಳುವುದರಲ್ಲಿದ್ದ. ಅಷ್ಟರಲ್ಲಿ ತಾಯಿಯವರು ಮೊರವನ್ನು ಕೆಳಗಿಟ್ಟರು.

"ಪುಣ್ಯ ಅಲ್ಲ ರಾಚಯ್ಯ," ಎಂದರು. "ಅದು ನಮ್ಮ ತಪ್ಪು."

ಜಗಳಕ್ಕೆ ಸಿದ್ಧನಾಗಿ ಬಂದಿದ್ದ ಲಗಮಣ್ಣನಿಗೆ ಈಗ ಜಗಳವಾಡಲು ಎದುರಾಳಿಯೇ ಇಲ್ಲದಂತಾಯಿತು. ಕೋಲನ್ನು ಗೋಡೆಗೆ ಆನಿಸಿಟ್ಟು ಅವನು ಇದ್ದ ವಿಷಯ ಹೇಳಿದ. ಅವನ ತಾಯಿ ನಿಂಗವ್ವ ಈ ವರ್ಷ ಮೊಮ್ಮಗಳನ್ನು ಕರೆದುಕೊಂಡು ಬಂದೇ ಬರುತ್ತೇನೆಂದು ಹರಕೆ ಹೊತ್ತಿದ್ದಾಳೆ. ಸೊಸೆಯ ಆತ್ಮಕ್ಕೆ ಶಾಂತಿ ಸಿಗಲಿ ಎಂದು. ಬೇಡವೆಂದು ಅವನು ಕಾಲು ಹಿಡಿದ, ಬೈದ, ಎರಡು ದಿನ ಊಟ ಬಿಟ್ಟ.

"ನಾ ಊಟಾ ಬಿಟ್ರ ನಮ್ಮವ್ವ ನನ್ನ ಪಾಲಿಂದೂ ತಾನ ಉಂಡ್ಲರಿ. ಹರಕಿ ಮಾತ್ರ ಬಿಡವೊಲ್ಲಳು. ಆಕಿನ್ನ ನಿಲ್ಲಸೂದು ನನ್ನ ಕೈಲಿ ಆಗೂದಿಲ್ಲ. ನೀವಾದ್ರೂ ಜಾತ್ರಿ ನಿಲ್ಲಸ್ರಿ. ನನಗ ಉಳದಿದ್ದು ಅದೊಂದ ಕೂಸು."

"ಜಾತ್ರಿ ನಿಲ್ಲಿಸಿದ್ರ ನಿಮ್ಮವ್ವ ನಿಲ್ತಾಳೇನು?" ಎಂದು ತಾಯಿಯವರು ಕೇಳಿದರು.

ಲಗಮಣ್ಣ ಯೋಚಿಸಿದ. "ಇಲ್ರಿ. ಬರೇ ಗದ್ದಿಗಿಗಾದ್ರೂ ಬರ್ತಾಳ."

"ನಲವತ್ತು ಸಾವಿರ ಮಂದೀನೂ ಹಂಗ ಬರ್ತಾರ. ಬಾ, ಆಕಿ ಬಿದ್ದ ಜಾಗಾ ತೋರ್ಸು."

ತಾಯಿಯವರಿಗೆ ಆಗ ಎಪ್ಪತ್ತೊಂದು ವರ್ಷ, ಮೊಣಕಾಲು ಬಾತಿತ್ತು. ಗೋಡೆ ಹಿಡಿದುಕೊಂಡು ಗದ್ದಿಗೆಯ ಕೋಣೆಗೆ ನಡೆದರು. ಲಗಮಣ್ಣ ಹೊಸ್ತಿಲಿನ ಬಲಗಡೆಯ ಮೂಲೆಯನ್ನು ತೋರಿಸಿದ. ತಾಯಿಯವರು ಒಳಗೆ ಹೋಗಿ, ಕೈಮುಗಿದು, ಕೆಂಚವ್ವ ಬಂದಂತೆಯೇ ಹಿಮ್ಮುಖವಾಗಿ ಬಂದರು. ಅವರ ಹಿಮ್ಮಡಿಯೂ ಅದೇ ಜಾಗದಲ್ಲಿ ಹೊಸ್ತಿಲಿಗೆ ತಾಗಿತು. ಲಗಮಣ್ಣ ಹಾರಿ ಹಿಡಿದುಕೊಳ್ಳದಿದ್ದರೆ ಅವರೂ ಬೀಳುತ್ತಿದ್ದರು. ಸ್ವಲ್ಪ ಹೊತ್ತು ಅವನ ತೋಳು ಹಿಡಿದು ನಿಂತು ಸುಧಾರಿಸಿಕೊಂಡು ಕೇಳಿದರು:

"ನಿನ್ನ ಹತ್ರ ಎಷ್ಟು ಕುರಿ ಅದಾವು?"

"ಮುನ್ನೂರು, ಅವ್ವಾರ."

"ಇಂಥಾ ಸಣ್ಣ ಬಾಗಿಲದಾಗ ಅವನ್ನ ಹ್ಯಾಂಗ ದಾಟಸ್ತಿ?"

"ಮುಂದಿನವಕ್ಕ ಹೊಡೆಯಂಗಿಲ್ರಿ. ಹಿಂದಿನವನ್ನ ತಡೀತೀವಿ. ಹತ್ತು ಹೋಗಿಂದ ಹತ್ತು ಬಿಡ್ತೀವಿ. ಹ್ವಾದ ದಾರೀಲೆ ತಿರುಗಿ ಬರಾಕ ಬಿಡಂಗಿಲ್ಲ. ಒಂದ ಕುರಿ ಹೊಳ್ಳಿ ನಿಂತ್ರ ಸಾಕ್ರಿ, ಹಿಂದಿಂದೆಲ್ಲಾ ಮ್ಯಾಲ ಏರ್ತಾವು."

ರಾಚಯ್ಯನವರು ತಡೆಯಲಾರದೆ, "ಭಕ್ತರೇನು ಕುರಿಗಳೇನ್ರಿ ತಾಯಿ?" ಎಂದರು.

"ಕುರೀನ ಇಷ್ಟು ಜ್ವಾಕಿ ಮಾಡ್ತಾರ ರಾಚಯ್ಯ. ಭಕ್ತರನ್ನ ನಾವು ಅಷ್ಟೂ ಮಾಡಲಿಲ್ಲ," ಎಂದು ಹೇಳಿ ತಾಯಿಯವರು ಗದ್ದಿಗೆಯ ಹಿಂದಿನ ಪಡುವಣ ಗೋಡೆಯನ್ನು ತಟ್ಟಿ ನೋಡಿದರು. "ಇಲ್ಲಿ ಬಾಗಿಲು ಬೇಕು."

ರಾಚಯ್ಯನವರಿಗೆ ಸಿಡಿಲು ಬಡಿದಂತಾಯಿತು. ಆ ಗೋಡೆಯನ್ನು ಮೌನಪ್ಪಯ್ಯನವರು ತಾವೇ ಕಲ್ಲು ಹೊತ್ತು ಕಟ್ಟಿದ್ದರು. ಅದನ್ನು ಒಡೆಯುವುದೆಂದರೇನು? ಒಡೆದರೂ, ಆ ಬಾಗಿಲಿಂದ ಹೋಗುವವರು ಗುರುವಿಗೆ ಬೆನ್ನು ಹಾಕಿ ಹೋಗಬೇಕಲ್ಲ? "ನಾ ಜೀವಂತ ಇರೂತನಕ ಈ ಗ್ವಾಡಿಗೆ ಹಾರಿ ಏಟು ಬೀಳಂಗಿಲ್ಲ," ಎಂದು ಅವರು ಗೋಡೆಗೆ ಅಡ್ಡ ನಿಂತರು.

ತಾಯಿಯವರು ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಹಾರೆ ತರಿಸಿದರು. ಗದ್ದಿಗೆಗೆ ತಲೆಯಿಟ್ಟು ನಮಸ್ಕರಿಸಿದರು. ನಂತರ ಗೋಡೆಗೆ ಅಡ್ಡ ನಿಂತಿದ್ದ ರಾಚಯ್ಯನವರ ಎದುರಿಗೆ ಹಾರೆ ಹಿಡಿದು ನಿಂತರು, "ಆಚಿಗೆ ಸರಿ" ಎಂದರು. ಒಂದೇ ಮಾತು. ರಾಚಯ್ಯನವರು ಅವರ ಮುಖ ನೋಡಿದರು, ನೆಲ ನೋಡಿದರು, ಸರಿದರು. ಮೊದಲನೆಯ ಏಟನ್ನು ತಾಯಿಯವರೇ ಹಾಕಿದರು. ಗೋಡೆಯಿಂದ ಬಿದ್ದದ್ದು ಒಂದು ಹಿಡಿ ಸುಣ್ಣದ ಪುಡಿ ಮಾತ್ರ. ಎರಡನೆಯದನ್ನೂ ಅವರೇ ಹಾಕಿದರು. ಮೂರನೆಯದಕ್ಕೆ ಲಗಮಣ್ಣ ಹಾರೆ ಇಸಿದುಕೊಂಡ.

ಅವನು ಮತ್ತೆ ಊರಿಗೆ ಹೋಗಲಿಲ್ಲ. ಹೇಳಿ ಕಳಿಸಿ ಕುರಿಗಳನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿ, ತನ್ನಂಥ ಐವತ್ತು ಕುರಿಗಾರರನ್ನು ಕರೆಸಿದ. ಎರಡು ಮೊಳ ದಪ್ಪದ ಗೋಡೆ ಐದು ದಿನ ಹಿಡಿಯಿತು. ಅಂಗಳದಲ್ಲಿ ಗಳ ನೆಟ್ಟು ಹಗ್ಗ ಕಟ್ಟಿದರು. ನೇರ ದಾರಿಯಾದರೆ ಜನ ಓಡುತ್ತಾರೆಂದು ದಾರಿಯನ್ನು ಹಾವಿನ ಹಾಗೆ ಬಳಸಿ ಬಳಸಿ ತಂದರು. ಕಾಯಿ ಒಡೆಯುವ ಕಲ್ಲು ಬಾಗಿಲ ಮುಂದೆಯೇ ಇತ್ತು, ಕಾಯಿನೀರು ಚೆಲ್ಲಿ ಹಾಸುಗಲ್ಲು ಜಾರುತ್ತಿತ್ತು. ಅದನ್ನು ಎತ್ತಿ ಬಾವಿಯ ಆಚೆ ಹಾಕಿದರು. ಚಪ್ಪಲಿಗಳ ರಾಶಿಯನ್ನು ಅಗಸೆಬಾಗಿಲ ಹೊರಗೇ ನಿಲ್ಲಿಸಿದರು. ಊರಿನ ಹುಡುಗರು, "ಏ ಲಗಮಣ್ಣ, ನಮಗೂ ಕೊಳ್ಳಾಗ ಗಂಟಿ ಕಟ್ಟತಿಯೇನೋ?" ಎಂದು ನಗೆಯಾಡಿದರು. "ಗಂಟಿ ಚಲೋ ಕುರಿಗಷ್ಟ ಕಟ್ಟತೀವೋ," ಎಂದು ಅವನು ಹಗ್ಗ ಬಿಗಿಯುತ್ತಲೇ ಇದ್ದ. ಇಷ್ಟೆಲ್ಲ ಮಾಡಿದರೂ ಅವನು ಗದ್ದಿಗೆಗೆ ಕೈಮುಗಿಯಲಿಲ್ಲ. ತಾಯಿಯವರೂ ಮುಗಿ ಎನ್ನಲಿಲ್ಲ.

ಪುಣ್ಯತಿಥಿಯ ದಿನ ಬಂತು. ಜನ ಸಮುದ್ರದ ಹಾಗೆ ಸೇರಿತು. ಐವತ್ತು ಕುರಿಗಾರರು ಕಂಬಳಿಗಳನ್ನು ಹುರಿಮಾಡಿ ಅಡ್ಡ ಹಿಡಿದು, ನಲವತ್ತು ಜನ ಹೋದ ಮೇಲೆ ನಲವತ್ತು ಜನರನ್ನು ಬಿಡುತ್ತಿದ್ದರು. ಬೆಳಗಿನಿಂದ ಎಲ್ಲ ಸರಿಯಾಗಿಯೇ ನಡೆಯಿತು. ಪಡುವಣ ಬಾಗಿಲಲ್ಲೂ ಜನ ಹಿಮ್ಮುಖವಾಗಿಯೇ ಹೋಗುತ್ತಿದ್ದರು. ಗುಂಪು ತೆಳ್ಳಗಿದ್ದುದರಿಂದ ಅದು ತೊಡಕಾಗಲಿಲ್ಲ. ಮಧ್ಯಾಹ್ನ ಮಂಗಳಾರತಿಯ ಗಂಟೆ ಬಾರಿಸಿತು. ಹೊರಗಿನ ಜನ ಹೋ ಎಂದು ಮುಂದೊತ್ತಿದರು. ಕಂಬಳಿಗಳು ಬಿಲ್ಲಿನಂತೆ ಬಾಗಿದವು. ಆ ಗಳಿಗೆಗೆ ಸರಿಯಾಗಿ ಒಳಗಿನ ಸಾಲು ನಿಂತುಬಿಟ್ಟಿತು.

ಮೂಡಣ ಬಾಗಿಲಲ್ಲಿ ಕಂಬಳಿ ಹಿಡಿದಿದ್ದ ಲಗಮಣ್ಣ ಒಳಗೆ ಇಣುಕಿ ನೋಡಿದ. ಪಡುವಣ ಬಾಗಿಲಲ್ಲಿ ಒಬ್ಬ ಮುದುಕಿ ಎಡಗೈಯಲ್ಲಿ ಮೊಮ್ಮಗಳನ್ನು ಹಿಡಿದು, ಬಲಗೈ ಎದೆಗೊತ್ತಿಕೊಂಡು, ಅಂಗುಲ ಅಂಗುಲವಾಗಿ ಹಿಂದೆ ಸರಿಯುತ್ತಿದ್ದಳು. ಅವಳ ಬೆನ್ನ ಹಿಂದೆ ಗೇಣೆತ್ತರದ ಮೆಟ್ಟಿಲು. ಅವಳು ನಿಂಗವ್ವ.

"ಯವ್ವಾ, ಹೊಳ್ಳ ಬೇ! ಮುಂದ ನೋಡಿ ನಡಿ!" ಎಂದು ಅವನು ಕೂಗಿದ.

"ನೀ ಹೇಳಿದಿ ಅಂತ ಗುರುವಿಗೆ ಬೆನ್ನ ತೋರಸಲೇನು?" ಎಂದು ನಿಂಗವ್ವ ಅಲ್ಲಿಂದಲೇ ಜಬರಿಸಿದಳು. "ನಿಮ್ಮಪ್ಪನ ಮಾತೂ ಕೇಳಿದಾಕಿ ಅಲ್ಲ ನಾನು!"

"ಹಿಂದ ಮೆಟ್ಟಲ ಐತಿ ಬೇ!"

"ಇರವೊಲ್ಲದ್ಯಾಕ!"

ಅವಳನ್ನು ನೋಡಿ ಉಳಿದವರೂ ಕೈಮುಗಿದು ನಿಂತರು. ಮೂಡಣ ಬಾಗಿಲಲ್ಲಿ ಒಬ್ಬನ ಎದೆ ಇನ್ನೊಬ್ಬನ ಬೆನ್ನಿಗೆ ಒತ್ತತೊಡಗಿತು. ಒಂದು ಹೆಣ್ಣುದನಿ ಚೀರಿತು. ಹಿಂದಿನ ವರ್ಷ ಇದೇ ಬಾಗಿಲಲ್ಲಿ ಅಂಥದೇ ಚೀರುವಿಕೆಯನ್ನು ಲಗಮಣ್ಣ ಕೇಳಿದ್ದ. ಮಗಳ ಕಡೆ ಓಡಬೇಕು. ಆದರೆ ಅವನು ಕೈಬಿಟ್ಟರೆ ಕಂಬಳಿ ಹರಿದು ಹೊರಗಿನ ಸಾವಿರ ಜನ ಒಳಗೆ ಬೀಳುತ್ತಾರೆ. ಅವನು ಮಣಿಕಟ್ಟಿಗೆ ಕಂಬಳಿಯನ್ನು ಇನ್ನೊಂದು ಸುತ್ತು ಸುತ್ತಿಕೊಂಡು ನೆಲಕ್ಕೆ ಕಾಲೂರಿ ನಿಂತ. ಬಾಯಲ್ಲಿ "ಅವ್ವಾರ" ಎಂಬ ಒಂದೇ ಮಾತು ಬಂತು.

ಗದ್ದಿಗೆಯ ಪಕ್ಕದಲ್ಲಿ ವಿಭೂತಿ ಕೊಡುತ್ತ ಕುಳಿತಿದ್ದ ತಾಯಿಯವರು ಎದ್ದರು. ಗದ್ದಿಗೆಗೆ ಒಮ್ಮೆ ಹಣೆ ಹಚ್ಚಿದರು. ಆಮೇಲೆ, ಜೀವಮಾನದಲ್ಲಿ ಯಾರೂ ಕಾಣದ್ದನ್ನು ಅಂದು ಎಲ್ಲರೂ ಕಂಡರು. ಗುರುಬಸವ್ವ ತಾಯಿಯವರು ತಮ್ಮ ಗುರುವಿನ ಗದ್ದಿಗೆಗೆ ಬೆನ್ನು ಮಾಡಿದರು. ನೆಟ್ಟಗೆ ನಡೆದು ಹೋಗಿ ಸುಂದ್ರವ್ವನ ಕೈಹಿಡಿದರು.

"ಗುರು ಗದ್ದಿಗಿ ಮ್ಯಾಲ ಅಷ್ಟ ಅದಾನೇನು?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ನಿಮ್ಮ ಮುಂದಿನವರ ಮ್ಯಾಲೂ ಕಣ್ಣಿರಲಿ. ನಡೀರಿ."

ಮಗುವನ್ನು ಕರೆದುಕೊಂಡು ಮೆಟ್ಟಿಲು ನೋಡಿ ಇಳಿದು ಹೊರಗೆ ಹೋದರು. ನಿಂಗವ್ವ ಗದ್ದಿಗೆ ನೋಡಿದಳು, ಹೊರಟುಹೋಗುತ್ತಿದ್ದ ತಾಯಿಯವರ ಬೆನ್ನು ನೋಡಿದಳು, ಸೆರಗು ಸರಿಮಾಡಿಕೊಂಡು ಹೊಳ್ಳಿ ಮುಂದೆ ನೋಡುತ್ತ ನಡೆದಳು. ಅವಳ ಹಿಂದೆ ಸಾಲು ಹರಿಯಿತು. ಕಂಬಳಿ ಸಡಿಲಾಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊನೆಯ ಭಕ್ತನೂ ದಾಸೋಹಕ್ಕೆ ಹೋದ. ಒಬ್ಬರ ಮೈಗೂ ಗೀರು ಬಿದ್ದಿರಲಿಲ್ಲ. ಲಗಮಣ್ಣನ ಮಣಿಕಟ್ಟಿನ ಚರ್ಮ ಮಾತ್ರ ಕಿತ್ತುಬಂದಿತ್ತು. ತಾಯಿಯವರು ಅದಕ್ಕೆ ಅರಿಸಿನ ಹಚ್ಚಿ, "ಈಗ ನೀ ಒಳಗ ಹೋಗಿ ಬಾ," ಎಂದರು. ಅವನು ಖಾಲಿ ಕೋಣೆಯೊಳಗೆ ಹೋದ. ಎಷ್ಟೋ ಹೊತ್ತು ಬರಲಿಲ್ಲ. ಒಳಗಿಂದ ಅಳು ಕೇಳಿಸಿತು, ವರ್ಷದಿಂದ ಅಳದಿದ್ದ ಗಂಡಸಿನ ಅಳು. ಪಡುವಣ ಬಾಗಿಲಿಂದ ಅವನು ಹೊರಗೆ ಬಂದಾಗ ರಾಚಯ್ಯನವರು ಮೆಟ್ಟಿಲ ಹತ್ತಿರ ನಿಂತಿದ್ದರು. "ನೋಡ್ಕೊಂಡ ಇಳಿ ತಮ್ಮಾ," ಎಂದು ಕೈಕೊಟ್ಟು ಇಳಿಸಿಕೊಂಡರು.

ಮರುದಿನ ಕಲ್ಲುಕುಟಿಗ ಹೊಸ ಬಾಗಿಲ ಮೇಲೆ ಯಾರ ಹೆಸರು ಕೆತ್ತಲಿ ಎಂದು ಕೇಳಿದ. ಹೆಸರು ಹಾಕಿಸಿಕೊಳ್ಳಲು ಸುತ್ತಲಿನ ದೊಡ್ಡ ಮನೆತನದವರು ಕಾದಿದ್ದರು. ತಾಯಿಯವರು ರಾಚಯ್ಯನವರ ಕಡೆ ನೋಡಿದರು. ಹೇಳಬೇಕಾದವರು ಅವರೇ ಎಂಬಂತೆ ನೋಡಿದರು. ರಾಚಯ್ಯನವರು ಹೇಳಿದರು: "ಕೆಂಚವ್ವ. ಬರೇ ಕೆಂಚವ್ವ ಅಂತ ಬರಿ."

ಲಗಮಣ್ಣನಿಗೆ ಓದು ಬರುತ್ತಿರಲಿಲ್ಲ. ಉಳಿ ಸರಿದಂತೆ ಕಲ್ಲಿನ ಪುಡಿಯನ್ನು ಊದುತ್ತ, ಗೀರಿನ ಮೇಲೆ ಬೆರಳಾಡಿಸುತ್ತ, "ಇದ್ಯಾವುದು?" ಎಂದು ಕೇಳಿದ.

"ಕೆಂ," ಎಂದರು ತಾಯಿಯವರು.

ಅವನು ಕಲಿತ ಮೊದಲ ಅಕ್ಷರ ಅದು. ಮಧ್ಯಾಹ್ನದ ಹೊತ್ತಿಗೆ ಉಳಿದೆರಡನ್ನೂ ಕಲಿತು, ಮಗಳನ್ನು ಹೆಗಲ ಮೇಲೆ ಎತ್ತಿ ಕೂರಿಸಿಕೊಂಡು, ಅವಳ ಬೆರಳು ಹಿಡಿದು ಒಂದೊಂದಾಗಿ ಓದಿಸಿದ.