ಹೊಸ್ತಿಲಾಚೆ ನಿಂತವಳು

ಪೂಜ್ಯ ಗಿರಿಮಲ್ಲಮ್ಮನವರು ಬನ್ನಿಹಳ್ಳದ ಮಠದ ಗದ್ದುಗೆಯ ಮೇಲೆ ಕೂತದ್ದನ್ನು ಕಂಡವರು ಕಡಿಮೆ. ಬೆಳಗಿನ ಪೂಜೆ ಮುಗಿಸಿ ದಾಸೋಹದ ಕೋಣೆಯ ಮುಂದೆ ಗೋಣಿತಟ್ಟು ಹಾಸಿಕೊಂಡು, ಮೊರದಲ್ಲಿ ಜೋಳ ಹಸನು ಮಾಡುತ್ತ ಕೂಡುವರು. ಭಕ್ತರು ಅಲ್ಲಿಗೇ ಬಂದು ಕಷ್ಟ ಹೇಳಿಕೊಳ್ಳಬೇಕು. ಹರಳು ಆರಿಸುವ ಅಮ್ಮನವರ ಕೈ ನಿಂತಿತೆಂದರೆ ಕಷ್ಟ ದೊಡ್ಡದಿದೆ ಎಂದೇ ಅರ್ಥ.

ಅಂಥ ಒಂದು ಮಾಗಿಯ ಬೆಳಿಗ್ಗೆ ನೀಲಗಂಗವ್ವ ಬಂದು ಮಠದ ಹೊಸ್ತಿಲಾಚೆಯೇ ನಿಂತಳು. ವಯಸ್ಸು ಐವತ್ತೆಂಟು. ಮುಟ್ಟು ನಿಂತು ಆರು ವರ್ಷವಾಗಿತ್ತು. ನಾಗರ ಪಂಚಮಿಯ ಮರುದಿನ ಮತ್ತೆ ಕಾಣಿಸಿಕೊಂಡಿತು.

ಮೊದಲು ಒಂದು ಕಲೆ. ವಾರ ಬಿಟ್ಟು ಇನ್ನೊಂದು. ಆಮೇಲೆ ಲೆಕ್ಕ ತಪ್ಪಿತು. ಹಳೇ ಸೀರೆಯ ತುಂಡುಗಳನ್ನು ಯಾರೂ ಕಾಣದಂತೆ ಹಿತ್ತಲಲ್ಲಿ ಒಗೆಯತೊಡಗಿದಳು. ತಡೆಯದೆ ಒಬ್ಬಿಬ್ಬರನ್ನು ಕೇಳಿದಳು; ಉತ್ತರಗಳಿಗೇನೂ ಬರ ಇರಲಿಲ್ಲ. ಗಂಡನ ಅಣ್ಣನ ಹೆಂಡತಿ ರುದ್ರವ್ವ, "ಕಾವು ಆಗೈತಿ, ಮಜ್ಜಿಗಿ ಕುಡಿ" ಅಂದಳು. ಪಕ್ಕದ ಮನೆಯವಳು ಯೌವನ ಮರಳಿತೇನೆಂದು ನಕ್ಕಳು. ಸೊಸೆಯ ಮೊಬೈಲಿನ ವಿಡಿಯೊದಲ್ಲಿ ಒಬ್ಬಾತ ಮೆಂತ್ಯ ಸಾಕೆಂದ. ಇನ್ನೊಬ್ಬ ಇದು ಕ್ಯಾನ್ಸರೇ ಎಂದು ಹೇಳಿ, ಹಿಂದೆಯೇ ತನ್ನ ತೈಲದ ಬಾಟಲಿ ತೋರಿಸಿದ. ಆ ಒಂದು ಶಬ್ದ ಕಿವಿಗೆ ಬಿದ್ದ ಮೇಲೆ ಅವಳು ಮತ್ತೆ ಮೊಬೈಲಿನ ಹತ್ತಿರ ಸುಳಿಯಲಿಲ್ಲ.

ಕಡೆಗೆ ಅಮ್ಮನವರನ್ನೇ ಕೇಳುವುದೆಂದು ನಿಶ್ಚಯಿಸಿದಳು. ಆದರೆ ಈ ಮೈಯಲ್ಲಿ ಮಠದೊಳಗೆ ಹೋಗುವುದು ಹೇಗೆ? ರಕ್ತ ನಿಲ್ಲಲಿ, ತಲೆಗೆ ನೀರು ಹಾಕಿಕೊಂಡು ಹೋದರಾಯಿತು ಎಂದುಕೊಂಡಳು. ನಿಲ್ಲಲಿಲ್ಲ. ಯಾಕೆ ನಿಲ್ಲುತ್ತಿಲ್ಲ ಎಂದು ಕೇಳುವುದಕ್ಕಾಗಿ ಅದು ನಿಲ್ಲುವುದನ್ನೇ ಕಾಯುತ್ತ ನಾಲ್ಕು ತಿಂಗಳು ಕಳೆದಳು. ಆ ಮಠದಲ್ಲಿ ಅಂಥ ನಿಯಮವನ್ನು ಯಾರೂ ಮಾಡಿರಲಿಲ್ಲ. ಯಾರೂ ಮಾಡದ ನಿಯಮವನ್ನು ನಮ್ಮ ಹೆಣ್ಣುಮಕ್ಕಳಷ್ಟು ಕಟ್ಟುನಿಟ್ಟಾಗಿ ನಡೆಸಿಕೊಂಡು ಬರುವವರೂ ಇಲ್ಲ.

"ಒಳಗ ಬಾ ತಂಗಿ," ಎಂದರು ಅಮ್ಮನವರು.

"ಬರಂಗಿಲ್ರೀ ಅಮ್ಮಾರ. ಹೊರಗಾಗೇನಿ."

"ಈ ವಯಸ್ಸಿನಾಗ?"

ಮೊರದಲ್ಲಿ ಕೈ ನಿಂತಿತು. ಅಮ್ಮನವರು ಸೊಂಟ ಹಿಡಿದುಕೊಂಡು ಎದ್ದರು, ಹೊಸ್ತಿಲು ದಾಟಿ ಬಂದು ಕಟ್ಟೆಯ ಮೇಲೆ ಕೂತು ಅವಳ ಕೈ ಹಿಡಿದರು. ನೀಲಗಂಗವ್ವ ಕೈ ಬಿಡಿಸಿಕೊಳ್ಳಲು ನೋಡಿದಳು, ಅಮ್ಮನವರು ಬಿಡಲಿಲ್ಲ. ಆಗ ಎಲ್ಲವನ್ನೂ ಹೇಳಿದಳು, ತೈಲದವನನ್ನೂ ಬಿಡದೆ.

"ಇಷ್ಟು ಮಂದಿ ಹೇಳ್ಯಾರ. ನಿನ್ನ ನೋಡಿದವರು ಯಾರು?"

"ಯಾರೂ ಇಲ್ರೀ. ನೀವು ಹೇಳ್ರಿ. ನೀವು ಅಂದದ್ದಽ ಖರೆ."

"ನನಗ ಗೊತ್ತಿಲ್ಲ."

ಅಮ್ಮನವರಿಗೇ ಗೊತ್ತಿಲ್ಲವೆಂದರೆ ಇನ್ನು ಯಾರಿಗೆ ಗೊತ್ತು? ನೀಲಗಂಗವ್ವ ವಿಭೂತಿಯನ್ನಾದರೂ ಕೊಡಿರೆಂದು ಬೇಡಿದಳು. ಅಮ್ಮನವರು ತಾವೇ ಅವಳ ಹಣೆಗೆ ಹಚ್ಚಿದರು.

"ಇದು ಧೈರ್ಯ ಕೊಡ್ತೈತಿ. ಒಳಗ ಏನೈತಿ ಅಂತ ನೋಡಾಕ ಇದಕ್ಕ ಕಣ್ಣಿಲ್ಲ. ನಡಿ, ನೋಡೋರ ಕಡೆ ಹೋಗೂಣು."

ಮೊರವನ್ನು ಹಾಗೇ ಬಿಟ್ಟು ಹತ್ತೂವರೆಯ ಬಸ್ಸು ಹತ್ತಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಜನ ದಾರಿ ಬಿಟ್ಟುಕೊಟ್ಟರೂ ಅಮ್ಮನವರು ಸಾಲು ತಪ್ಪಿಸಲಿಲ್ಲ. ಪರದೆಯ ಹಿಂದೆ ಪರೀಕ್ಷೆ ನಡೆಯುವಷ್ಟು ಹೊತ್ತೂ ಅವಳ ತಲೆಯ ಬಳಿ ನಿಂತಿದ್ದರು. ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ, ಗರ್ಭಕೋಶದ ಒಳಪದರದ ಚೂರೊಂದನ್ನು ತೆಗೆದು ತಪಾಸಣೆಗೆ ಕಳಿಸಿದರು.

"ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ತೋರಿಸಬೇಕು," ಎಂದರು. "ಬಹಳ ಮಂದಿಗೆ ದೊಡ್ಡದೇನೂ ಇರೋದಿಲ್ಲ. ಕೆಲವರಿಗೆ ಇರುತ್ತೆ. ಯಾರಿಗೆ ಅಂತ ಪರೀಕ್ಷೆ ಮಾಡದೆ ನನಗೂ ತಿಳಿಯೋದಿಲ್ಲ."

ಹನ್ನೆರಡು ದಿನ ಕಾಯಬೇಕಾಯಿತು. ಅಷ್ಟು ದಿನವೂ ನೀಲಗಂಗವ್ವ ಮಠದೊಳಗೆ ಅಮ್ಮನವರ ಎದುರು ಕೂತು ಜೋಳ ಆರಿಸಿದಳು. ಏನೂ ಆಗುವುದಿಲ್ಲ ಎಂದು ಅಮ್ಮನವರು ಒಮ್ಮೆಯೂ ಹೇಳಲಿಲ್ಲ. ಅವಳ ಗಮನ ಎಲ್ಲೋ ಇದ್ದು ಹರಳು ಉಳಿಯುತ್ತಿದ್ದವು. ದಾಸೋಹದ ರೊಟ್ಟಿ ಕರಕರ ಎಂದರೂ ಯಾರೂ ಚಕಾರ ಎತ್ತಲಿಲ್ಲ.

ಹದಿಮೂರನೆಯ ದಿನ ರುದ್ರವ್ವನೂ ಜೊತೆಗೆ ಬಂದಳು. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಕ್ಯಾನ್ಸರ್ ಹೌದು. ಗರ್ಭಕೋಶ ದಾಟಿ ಹರಡಿದಂತೆ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸಬೇಕು, ತಡಮಾಡಬಾರದು.

ರುದ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಬ್ಯಾಡ ನೀಲಾ. ಕೊಯ್ಸಿಕೊಂಡ್ರ ಅದು ಮೈತುಂಬ ಹಬ್ಬತೈತಂತ, ನಮ್ಮ ಬೀಗರು ಹೇಳ್ತಿದ್ರು."

ನೀಲಗಂಗವ್ವ ಅಮ್ಮನವರ ಮುಖ ನೋಡಿದಳು. ಅವರು ಡಾಕ್ಟರಮ್ಮನ ಕಡೆ ಕಣ್ಣು ತೋರಿಸಿದರು. ನೀಲಗಂಗವ್ವ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ತಡಿ ಅಕ್ಕಾ. ಬೀಗರು ಡಾಕ್ಟರಾಗಿದ್ದು ಯಾವಾಗ?" ಎಂದವಳೇ ಡಾಕ್ಟರಮ್ಮನ ಕಡೆ ತಿರುಗಿದಳು. "ಕೊಯ್ದ್ರ ಹಬ್ಬತೈತೇನ್ರೀ? ಎಷ್ಟು ದಿನ ಮಲಗಬೇಕು? ಆಮ್ಯಾಲ ಮತ್ತ ರಕ್ತ ಕಂಡ್ರ ಯಾರ ಕಡೆ ಬರಲಿ? ಒಂದೊಂದಽ ಹೇಳ್ರಿ. ತಿಳಕೊಂಡಽ ಏಳ್ತೀನಿ."

ಅಮ್ಮನವರು ಕಣ್ಣು ಮುಚ್ಚಿ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡರು. ಹೊರಗೆ ಸಾಲು ಬಾಗಿಲವರೆಗೂ ಬೆಳೆದಿತ್ತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಹಬ್ಬೋದಿಲ್ಲ," ಎಂದು ಮೊದಲನೆಯದರಿಂದ ಶುರುಮಾಡಿದರು.