ಕಂಬಳಿಯ ಅಂಚು ಕಾಣುವವರೆಗೆ

ಶಿಷ್ಯ ಅಮಾತೆಪ್ಪ ಕೇಳಿದ: "ಗುರುಗಳೇ, ಎರಡು ಬಡ ದೇಶಗಳ ನಾಣ್ಯಗಳು ಹಿಂದಿನ ಕಾಲದಲ್ಲಿ ಒಂದಕ್ಕೊಂದು ಯಾವ ದರದಲ್ಲಿ ನಡೆಯುತ್ತಿದ್ದವು ಎಂದು ಹುಡುಕುತ್ತಿದ್ದೇನೆ. ಎಲ್ಲ ಪಟ್ಟಿಗಳಲ್ಲೂ ಮೂರನೆಯದೊಂದು ಶ್ರೀಮಂತ ದೇಶದ ನಾಣ್ಯದ ಲೆಕ್ಕದಿಂದ ತೆಗೆದ ದರವೇ ಸಿಗುತ್ತದೆ. ಅದನ್ನೇ ನಿಜವೆಂದು ಬರೆದುಕೊಳ್ಳಲೇ?"

ಗುರುಗಳು ಹೇಳಿದರು: "ನನಗೆ ಕತೆ ಕಟ್ಟಲು ಬರುವುದಿಲ್ಲ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸದೆ ಬಿಡಿಸಿ ಹೇಳುತ್ತಾ ಹೋಗುತ್ತೇನೆ. ತಾಳಿಕೊಂಡು ಕೇಳು."

ಒಂದು ಹಳ್ಳ. ಅದರ ಈಚೆ ಒಂದು ದೇಶ, ಆಚೆ ಇನ್ನೊಂದು. ಎರಡೂ ಬಡ ದೇಶಗಳೇ. ಈಚೆಯವರು ಕುರಿ ಸಾಕಿ ಕಂಬಳಿ ನೇಯುತ್ತಿದ್ದರು, ಜೋಳ ಬೆಳೆಯುತ್ತಿದ್ದರು. ಆಚೆಯದು ಸವಳು ನೆಲ, ಅಂದರೆ ಉಪ್ಪು ಬಿಟ್ಟರೆ ಬೇರೇನೂ ಆಗದ ನೆಲ. ಈಚೆಯವರ ನಾಣ್ಯ ಬಿಲ್ಲೆ, ಆಚೆಯವರದು ಕಾಸು.

ವರ್ಷಕ್ಕೊಮ್ಮೆ ಹಳ್ಳ ಬತ್ತಿದಾಗ ಎರಡು ಕಡೆಯವರೂ ಅದರ ಮರಳಿನಲ್ಲಿ ಕೂಡುತ್ತಿದ್ದರು. ಈಚೆಯ ನೇಕಾರನೊಬ್ಬ ಕರಿ ಅಂಚಿನ ಕಂಬಳಿ ಹಾಸುತ್ತಿದ್ದ. ಆಚೆಯ ಉಪ್ಪಿನವಳೊಬ್ಬಳು ಅದರ ಮೇಲೆ ಉಪ್ಪು ಸುರಿಯುತ್ತಿದ್ದಳು. ಕಂಬಳಿಯೆಲ್ಲ ಬೆಳ್ಳಗಾಗಿ ಕರಿ ಅಂಚು ಮಾತ್ರ ಕಾಣುವ ಹೊತ್ತಿಗೆ ನೇಕಾರ ಕೈ ಎತ್ತುತ್ತಿದ್ದ. ಅಷ್ಟು ಉಪ್ಪಿಗೆ ಆ ಒಂದು ಕಂಬಳಿ. ನೇಕಾರ ತೆಳ್ಳಗೆ ನೇಯ್ದಿದ್ದರೆ ಉಪ್ಪು ಕೆಳಗೆ ಸೋರಿ ಎಲ್ಲರಿಗೂ ಕಾಣುತ್ತಿತ್ತು. ಅವಳು ತೂಕಕ್ಕೆಂದು ಹಸಿ ಉಪ್ಪು ತಂದಿದ್ದರೆ ಅದು ಉಣ್ಣೆಗೆ ಅಂಟಿ ಅವಳ ಮೋಸ ಬಯಲಾಗುತ್ತಿತ್ತು.

ನಾಣ್ಯದ ಮಾತು ಆಮೇಲಿನದು. ಕಂಬಳಿಗೆ ಈಚೆ ಮೂರು ಬಿಲ್ಲೆ, ಆ ಉಪ್ಪಿಗೆ ಆಚೆ ಹನ್ನೆರಡು ಕಾಸು ಬೆಲೆಯಿದ್ದರೆ, ಒಂದು ಬಿಲ್ಲೆಗೆ ನಾಲ್ಕು ಕಾಸು ಎಂದು ಕೂಗುತ್ತಿದ್ದರು. ಜೋಳವೂ ವರ್ಷವಿಡೀ ಅದೇ ದರದಲ್ಲಿ ಹಳ್ಳ ದಾಟುತ್ತಿತ್ತು. ಒಂದು ವರ್ಷ ಐದಾಗುತ್ತಿತ್ತು, ಒಂದು ವರ್ಷ ಮೂರಕ್ಕೆ ಇಳಿಯುತ್ತಿತ್ತು. ಏರಲಿ, ಇಳಿಯಲಿ, ಎರಡು ಕಡೆಯವರ ಕಣ್ಣೆದುರೇ ಆಗುತ್ತಿತ್ತು.

ಒಂದು ವರ್ಷ ದೂರದ ಬಂದರಿನಿಂದ ಒಬ್ಬ ನಾಣ್ಯದ ವ್ಯಾಪಾರಿ ಬಂದ. ಬಂದರು ಶ್ರೀಮಂತರದು, ಅವರ ನಾಣ್ಯ ಮೊಹರು. ಕಂಬಳಿ ಹಾಸುವ ಮೊದಲೇ ಅವನು ಒಂದು ಹಲಗೆ ನೆಟ್ಟ. "ಬಂದರಿನಲ್ಲಿ ಒಂದು ಮೊಹರಿಗೆ ಹತ್ತು ಬಿಲ್ಲೆ. ಅದೇ ಮೊಹರಿಗೆ ನೂರು ಕಾಸು. ಅಲ್ಲಿಗೆ ಒಂದು ಬಿಲ್ಲೆಗೆ ಹತ್ತು ಕಾಸು. ಬನ್ನಿ, ಬದಲಾಯಿಸಿಕೊಡುತ್ತೇನೆ. ಹತ್ತಕ್ಕೊಂದು ಪಾಲು ನನಗೆ."

ಉಪ್ಪಿನವಳ ಕೈ ಬುಟ್ಟಿಯಲ್ಲೇ ನಿಂತಿತು. ಹೋದ ವರ್ಷ ನಾಲ್ಕು ಕಾಸಿಗೆ ಬಂದ ಜೋಳ ಇನ್ನು ಹತ್ತಕ್ಕೆ. ಅವಳ ಮನೆಯಲ್ಲಿ ಅರ್ಧ ಮಳೆಗಾಲಕ್ಕೂ ಜೋಳ ಸಾಲದು. ಉಪ್ಪಿನ ಮಡಿ ಬಿಟ್ಟು ಬಂದರಿಗೆ ಕೂಲಿಗೆ ಹೋಗಬೇಕು.

"ನನ್ನ ಉಪ್ಪು ಸಪ್ಪಗಾಗಿದೆಯೇನಪ್ಪ?" ಎಂದಳು.

"ಉಪ್ಪಿನ ಮಾತಲ್ಲ ತಾಯಿ. ಈ ಸಲ ಬಂದರಿಗೆ ಬೇರೆ ಕಡೆಯಿಂದ ಉಪ್ಪು ಬಂತು. ನಿಮ್ಮ ಕಾಸು ಕೇಳುವವರಿಲ್ಲ. ಕಾಸು ಬಿದ್ದಿದೆ."

"ಎಲ್ಲಿ ಬಿದ್ದಿದೆ? ನನ್ನ ಸೆರಗಿನ ಗಂಟಿನಲ್ಲೇ ಇದೆ. ಬಿಚ್ಚಿ ತೋರಿಸಲೇ?"

ಜನ ನಕ್ಕರು. ನೇಕಾರ ನಗಲಿಲ್ಲ. ಅವನ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಮೂರು ಬಿಲ್ಲೆಗೆ ಮೂವತ್ತು ಕಾಸು. ವ್ಯಾಪಾರಿಯ ಪಾಲು ಕಳೆದರೂ ಎರಡು ಕಂಬಳಿಯ ಉಪ್ಪು ಬರುತ್ತದೆ, ಮೇಲೆ ಮೂರು ಕಾಸು ಉಳಿಯುತ್ತದೆ. ಅವನ ಕುರಿಗಳಿಗೂ ಉಪ್ಪು ಬೇಕಿತ್ತು. ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಅವನು ಉಪ್ಪಿನವಳ ಕೈ ನೋಡಿದ. ಸವಳು ನೀರಿನಲ್ಲಿ ನಿಂತೂ ನಿಂತೂ ಬಿರಿದ ಕೈ. ಕಂಬಳಿ ನೋಡಿದ. ಕುರಿಯ ಉಣ್ಣೆ ಕತ್ತರಿಸಿದ್ದರಿಂದ ಹಿಡಿದು ಅಂಚು ಹಾಕುವವರೆಗೆ ಅದರಲ್ಲಿದ್ದದ್ದು ಹೋದ ವರ್ಷದಷ್ಟೇ ಕೆಲಸ. ಅವಳ ಬುಟ್ಟಿಯಲ್ಲಿದ್ದದ್ದೂ ಅಷ್ಟೇ. ಹಾಗಿದ್ದರೆ ಈ ಹೆಚ್ಚಿನ ಉಪ್ಪು ಎಲ್ಲಿಂದ ಬರುತ್ತಿದೆ? ಅವಳ ಮನೆಯ ಒಲೆಯಿಂದ, ಬೇರೆಲ್ಲಿಂದಲೂ ಅಲ್ಲ.

ಅವನು ಹಲಗೆಯ ಮುಂದೆಯೇ ಕಂಬಳಿ ಕೊಡವಿ ಹಾಸಿದ.

"ಸುರಿಯವ್ವ," ಎಂದ.

"ಏ ಹುಚ್ಚ," ಎಂದ ವ್ಯಾಪಾರಿ. "ಮೂವತ್ತು ಸಿಗುವಲ್ಲಿ ಹನ್ನೆರಡಕ್ಕೆ ಕೈ ಚಾಚುತ್ತೀಯಾ?"

"ಮೂವತ್ತು ನಿನ್ನ ಬಾಯಲ್ಲಿದೆ ಸಾಹುಕಾರ. ಉಪ್ಪು ಇವಳ ಬುಟ್ಟಿಯಲ್ಲಿದೆ. ಕಂಬಳಿ ನನ್ನದು. ನಿನ್ನದು ಇಲ್ಲಿ ಏನಿದೆ, ಅದನ್ನೂ ಇದರ ಮೇಲೆ ಸುರಿ. ನೋಡೋಣ."

ವ್ಯಾಪಾರಿಗೆ ಸುರಿಯಲು ಏನೂ ಇರಲಿಲ್ಲ. ಉಪ್ಪಿನವಳು ಸುರಿದಳು. ಕರಿ ಅಂಚು ಮಾತ್ರ ಉಳಿದಾಗ ನೇಕಾರ ಕೈ ಎತ್ತಿದ. ಒಂದು ಬಿಲ್ಲೆಗೆ ನಾಲ್ಕು ಕಾಸು ಎಂದು ಇಬ್ಬರೂ ಕೂಗಿದರು. ಉಳಿದವರೂ ಹಲಗೆಗೆ ಬೆನ್ನು ಹಾಕಿ ತಮ್ಮ ತಮ್ಮ ಕಂಬಳಿ ಹಾಸಿದರು. ಸಂಜೆಯವರೆಗೆ ವ್ಯಾಪಾರಿಯ ಬಳಿ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಅವನು ಹಲಗೆ ಕಿತ್ತುಕೊಂಡು ಬಂದರಿಗೆ ಹೋದ. ಹೋಗಿ ಅಲ್ಲಿನ ಪಟ್ಟಿಯಲ್ಲಿ ಆ ವರ್ಷದ ದರ ಹತ್ತು ಎಂದೇ ಬರೆದ.

ಗುರುಗಳು ಕತೆ ನಿಲ್ಲಿಸಿದರು. ಅಮಾತೆಪ್ಪ ಕೇಳಿದ: "ಹಾಗಾದರೆ ಇಂದು ಪಟ್ಟಿ ತೆರೆದವನಿಗೆ ಸಿಗುವುದು ಆ ಹತ್ತೇ ಅಲ್ಲವೇ? ನಾಲ್ಕನ್ನು ಯಾರೂ ಬರೆದಿಟ್ಟಿಲ್ಲವಲ್ಲ?"

"ಸಿಗುವುದು ಹತ್ತೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾಣ್ಯ ಎಂದರೆ ಒಬ್ಬರ ದುಡಿಮೆಯನ್ನು ಇನ್ನೊಬ್ಬರು ಒಪ್ಪಿಕೊಂಡ ಗುರುತು. ಒಪ್ಪಿಕೊಳ್ಳುವವರು ಎದುರಿಗೆ ಇಲ್ಲದಿದ್ದಾಗ ಆ ಗುರುತು ಏನಾಗುತ್ತದೆ ಎಂದರೆ, ಮೊದಲನೆಯದಾಗಿ..."

"ಅಜ್ಜಾರ," ಎಂದು ಅಡುಗೆಮನೆಯಿಂದ ಶಾಂತವ್ವ ಕೂಗಿದಳು. "ಬಾವಿಗೆ ಹಗ್ಗ ತಂದಾರ. ನೀವು ಬಂದು ನೋಡಿದ ಹೊರತು ಕಟ್ಟಂಗಿಲ್ಲ ಅಂತಾರ."

ಗುರುಗಳು ಮಾತನ್ನು ಅಲ್ಲಿಗೇ ಬಿಟ್ಟು ಎದ್ದರು. ಹೊಸ್ತಿಲು ದಾಟುವಾಗ ತಿರುಗಿ ಕೇಳಿದರು:

"ಆ ಹತ್ತರ ದರಕ್ಕೆ ಒಂದು ಹಿಡಿ ಉಪ್ಪಾದರೂ ಹಳ್ಳ ದಾಟಿತೇ?"