ಸಂದು ಬಿಡಿಸಿದ ಅಯ್ಯನವರು

ದಂಡು ಬೀಡುಬಿಟ್ಟಿದ್ದ ಕಾಲದಲ್ಲಿ ಇಂಗ್ಲಿಷರು ಕಟ್ಟಿಸಿದ ಆ ಕಲ್ಲಿನ ಚರ್ಚಿಗೆ ಚೌಕಾಕಾರದ ಗೋಪುರ, ಚೂಪು ಕಮಾನಿನ ಉದ್ದುದ್ದ ಕಿಟಕಿಗಳು, ಮೊಳಗಟ್ಟಲೆ ದಪ್ಪದ ಗೋಡೆಗಳು. ಅದರ ಮಗ್ಗುಲಿಗೆ ಹಂಚಿನದೊಂದು ಪುಟ್ಟ ಕೋಣೆ. ಚರ್ಚಿನ ಪಾದ್ರಿ, ಪೂಜ್ಯ ಸಮಾಧಾನಪ್ಪ ಅಯ್ಯನವರು ಅಲ್ಲಿ ಒಂದು ಚಾಪೆ, ಒಂದು ಕಂಬಳಿ ಇಟ್ಟುಕೊಂಡು ನೆಮ್ಮದಿಯಾಗಿದ್ದರು.

ಯಂಕೋಬ ಮೇಸ್ತ್ರಿ ಅಲ್ಲಿಗೆ ಬಂದದ್ದು ಜಗಳಕ್ಕೇ. ಮೂರು ವರ್ಷದ ಹಿಂದೆ ಪೂರ್ವದ ಗೋಡೆಯ ಕಲ್ಲುಗಳ ಸಂದುಗಳಲ್ಲಿ ಹಳೆಯ ಸುಣ್ಣದ ಗಾರೆ ಉದುರಿದಾಗ, ಗಟ್ಟಿಯಾಗಲೆಂದು ಸಿಮೆಂಟು ತುಂಬಿದವನು ಅವನೇ. ಅಯ್ಯೋ, ಆ ಗಟ್ಟಿತನವೇ ಮುಳುವಾಯಿತು! ಒಳಗಿಳಿದ ಮಳೆನೀರಿಗೆ ಸಂದಿನಿಂದ ಆರಿಹೋಗಲು ದಾರಿಯಿಲ್ಲದೆ, ಕಲ್ಲೇ ಪದರಪದರವಾಗಿ ಉದುರತೊಡಗಿತು. ಗೋಡೆ ಕೆಡವಿಸುವುದೇ ಸೈ ಎಂದು ಸಭೆಯ ಹಿರಿಯರು ಮಾತಾಡಿಕೊಂಡರು. ಆ ಕಲ್ಲುಗಳನ್ನು ಕೆತ್ತಿದವನು ಯಂಕೋಬನ ಮುತ್ತಜ್ಜ. ಸುದ್ದಿ ಕೇಳಿದ ಕೂಡಲೇ ಅವನು ಓಡಿಬಂದಿದ್ದ. ಆದರೂ ತಪ್ಪು ತನ್ನದೆನ್ನಲು ನಾಲಿಗೆ ಏಳಲಿಲ್ಲ.

"ಕಲ್ಲ ಖೊಟ್ಟಿ ಅದಾವ್ರೀ! ನನ್ನ ಕೆಲಸದಾಗ ಏನೂ ಊನ ಇಲ್ಲ," ಎಂದು ಗೇಟಿನಿಂದಲೇ ಕೂಗಿದ.

ಅಯ್ಯನವರು ಗೋಡೆಯ ಬುಡದಲ್ಲಿ ಕುಳಿತು ಚಾಣವೆಂಬ ಉಳಿಯಿಂದ ಸಿಮೆಂಟು ಬಿಡಿಸುತ್ತಿದ್ದರು. ಅಂಗೈಯ ಬೊಬ್ಬೆಗಳು ಒಡೆದಿದ್ದವು. ಅವರು ಕೆರೆಯುತ್ತಲೇ ಇದ್ದರು. ಅಂಗಳ ಗುಡಿಸುತ್ತಿದ್ದ ಮುದುಕಿ ಕ್ರಿಸ್ತಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ.

"ಸುಮ್ಮನಿರೋ ಯಪ್ಪಾ! ಹಿರ್ಯಾರು ನಿನ್ನ ಹೆಸರು ಎತ್ತಿದಾಗ, 'ಅವನ್ನ ಕರೆಸಿದವ ನಾನು, ಬೈಯೋದಿದ್ರ ನನ್ನ ಬೈರಿ' ಅಂದಾರ ಇವರು. ಗೋಡೆ ಉಳಿಸ್ತೀನಂತ ಎಂಟು ದಿನದಿಂದ ಒಬ್ರೇ ಕುಂತು ಕೆರೀತಾರ."

ಯಂಕೋಬ ಗೇಟು ದಾಟಿ ಹತ್ತಿರ ಬಂದ. ಬೊಬ್ಬೆ ಒಡೆದ ಆ ಮುದಿ ಕೈಗಳನ್ನೇ ನೋಡುತ್ತ ನಿಂತ.

ಅಯ್ಯನವರು ತಲೆಯೆತ್ತಿದರು. "ಬಾ ತಮ್ಮಾ. ಚಾಣ ಹೆಂಗ ಹಿಡೀಬೇಕು, ನನಗ ತಿಳೀವಲ್ದು. ಒಂಚೂರು ತೋರಿಸಿಕೊಡು."

ಅಷ್ಟೇ! ಯಾರ ಬೈಗುಳಕ್ಕೂ ಜಗ್ಗದ ಆ ಗಂಡಸು ಮಗುವಿನಂತೆ ಅತ್ತುಬಿಟ್ಟ. ಚಾಣ ತೆಗೆದುಕೊಂಡು ಅವರ ಮಗ್ಗುಲಲ್ಲೇ ಕುಳಿತ. ಎರಡು ತಿಂಗಳು ಇಬ್ಬರೂ ಸಂದುಸಂದನ್ನೂ ಬಿಡಿಸಿ, ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಗಾರೆ ತುಂಬಿದರು. ಗೋಡೆ ಉಳಿಯಿತು.

ಕೆಲಸ ಮುಗಿದ ವಾರದ ಭಾನುವಾರ, ಆರಾಧನೆಯ ನಂತರ, ಗೋಡೆ ಉಳಿಸಿದ್ದಕ್ಕೆಂದು ಹಿರಿಯರು ಹಾರ ತರಿಸಿ ಮೇಸ್ತ್ರಿಯನ್ನು ಮುಂದಕ್ಕೆ ಕರೆದರು. ಯಂಕೋಬ ಕೈಮುಗಿದು ಹಿಂದೆ ಸರಿದ.

"ಬ್ಯಾಡ್ರೀ. ಗೋಡೆ ಕೆಡಿಸಿದವ ನಾನ. ಅಯ್ಯನವರದೇನೂ ತಪ್ಪಿಲ್ಲ," ಎಂದು ತುಂಬಿದ ಸಭೆಯ ಮುಂದೆ ಹೇಳಿದ.

ಹಿರಿಯರು ಹಾರವನ್ನು ಮೇಜಿನ ಮೇಲಿಟ್ಟರು. ಆಗ ಅಯ್ಯನವರು ಮೆಲ್ಲಗೆ ಎದ್ದುಬಂದು, ಆ ಹಾರವನ್ನು ಎತ್ತಿಕೊಂಡು, ತಮ್ಮ ಕೈಯಾರೆ ಅವನ ಕೊರಳಿಗೆ ಹಾಕಿದರು.